ಹಳೇ ಪಿಎಸ್2ಗೆ ನಮ್ಮೂರ ಅಂಗಡಿಯವರು ಕೇಳುವ ರೇಟು ಸರಿ ಉಂಟಾ?

ಬಿಜೈ ಹುಡುಗ

ನಮಸ್ಕಾರ ಎಲ್ಲರಿಗೂ. ಒಂದು ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 2 (ಪಿಎಸ್2, ಟಿವಿಗೆ ಹಾಕಿ ಆಡುವ ಸೋನಿ ಗೇಮ್ ಸೆಟ್ಟು) ಹುಡುಕುತ್ತಾ ಇದ್ದೇನೆ. ಹಂಪನಕಟ್ಟೆ ಕಡೆಯ ಒಂದು ಅಂಗಡಿಯಲ್ಲಿ ದಪ್ಪ ಮಾಡೆಲ್ ಸಿಕ್ಕಿತು. ಕೇಳಿದ ರೇಟು 9,500. ಕೈಯಲ್ಲಿ ಹಿಡಿದು ಆಡುವ ರಿಮೋಟು ಒಂದೇ, ಅದರ ಎಡಗಡೆಯ ಕಡ್ಡಿ ಮುಟ್ಟದಿದ್ದರೂ ವಾಲುತ್ತದೆ. ಮೆಮೊರಿ ಕಾರ್ಡ್ ಇಲ್ಲ, ಬಾಕ್ಸ್ ಇಲ್ಲ, ಬಿಲ್ಲೂ ಕೊಡುವುದಿಲ್ಲವಂತೆ. ಡಿಸ್ಕ್ ಹಾಕಿ ಓಡಿಸಿ ತೋರಿಸಿ ಅಂದೆ. ಅಂಗಡಿಯಲ್ಲಿ ಟಿವಿ ಇಲ್ಲ ಅಂದರು. ಪಿನ್ ಚುಚ್ಚಿ ಕೆಂಪು ದೀಪ, ಆಮೇಲೆ ಹಸಿರು ದೀಪ ತೋರಿಸಿ "ವರ್ಕಿಂಗ್ ಉಂಟು" ಅಂದರು. ಜಾಸ್ತಿ ಆಯ್ತಲ್ಲ ಅಂದದ್ದಕ್ಕೆ ಫೋನ್ ತೆಗೆದು, ಆನ್‌ಲೈನ್‌ನಲ್ಲಿ ಯಾರೋ 12,000ಕ್ಕೆ ಹಾಕಿದ್ದನ್ನು ತೋರಿಸಿದರು.

ಈ ಸೆಟ್ಟಿನ ತಯಾರಿ 2013ರ ಜನವರಿಯಲ್ಲೇ ನಿಂತಿದೆ. ಅದಕ್ಕೆ ಮೊದಲಿನ ಕೊನೆಯ ವರ್ಷಗಳಲ್ಲಿ ನಮ್ಮಲ್ಲಿ ಹೊಸದೇ ಇದಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಹಾಗಾದರೆ ಇವರು ಬಾಯಿಗೆ ಬಂದದ್ದು ಹೇಳುತ್ತಿದ್ದಾರಾ, ಅಥವಾ ಈಗ ಮಾರ್ಕೆಟ್ಟೇ ಹೀಗಾ? ಮಂಗಳೂರು, ಉಡುಪಿ ಕಡೆ ಈಚೆಗೆ ತೆಗೊಂಡವರು ಇದ್ದರೆ ಹೇಳಿ.

ಮಣಿಪಾಲ ಹಾಸ್ಟೆಲ್

9,500 ಭಯಂಕರ ಜಾಸ್ತಿ ಬ್ರೋ. ಕೋರ್ಸ್ ಮುಗಿಯುವ ಹೊತ್ತಿಗೆ ಮಣಿಪಾಲಕ್ಕೆ ಬನ್ನಿ. ಸೀನಿಯರ್‌ಗಳು ರೂಮು ಖಾಲಿ ಮಾಡುವಾಗ ಗಿಟಾರು, ಕೂಲರು, ಸೈಕಲ್ ಜೊತೆ ಇದನ್ನೂ ಮಾರಿ ಹೋಗುತ್ತಾರೆ. ಊರಿಗೆ ಹೊತ್ತುಕೊಂಡು ಹೋಗುವ ತಾಪತ್ರಯ ಅವರಿಗೆ ಬೇಡ. ನಾನು ಸ್ಲಿಮ್ ಮಾಡೆಲ್ 3,500ಕ್ಕೆ ತೆಗೊಂಡೆ, ಎರಡು ರಿಮೋಟು, 8 ಎಂಬಿ ಕಾರ್ಡು, ಒಂದಷ್ಟು ಡಿಸ್ಕು ಸಮೇತ. ಅದೇ ಮಾಡೆಲಿಗೆ ಇಲ್ಲಿನ ಒಂದು ಅಂಗಡಿಯಲ್ಲಿ ಡಬಲ್ ಹೇಳಿದ್ದರು. ಅಂಗಡಿಯವರು ಮಾಡಿದ ಕೆಲಸ ಎಂತ? ಬಟ್ಟೆಯಲ್ಲಿ ಒರೆಸಿ ಗಾಜಿನ ಹಿಂದೆ ಇಟ್ಟದ್ದು ಅಷ್ಟೇ.

ಉರ್ವದ ರಿಪೇರಿ

ನಾನು ಮನೆಯಲ್ಲೇ ರಿಪೇರಿ ಮಾಡುವವ, ಕೊಂಡು ಮಾರುವ ವ್ಯಾಪಾರ ಇಲ್ಲ. ಅಂಗಡಿಯಿಂದ ತೆಗೊಂಡದ್ದೂ, ರೂಮು ಖಾಲಿ ಮಾಡುವವರಿಂದ ತೆಗೊಂಡದ್ದೂ ಕೊನೆಗೆ ನನ್ನ ಮೇಜಿಗೆ ಬರುತ್ತದೆ. ರೇಟು ನ್ಯಾಯವಾ ಅಲ್ಲವಾ ಅಂತ ಹೊರಗಿನಿಂದ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಮಾರುವ ಮೊದಲು ಯಾರಾದರೂ ಅದರ ಒಳಗೆ ಕೈ ಹಾಕಿದ್ದಾರಾ ಅನ್ನುವುದರ ಮೇಲೆ ನಿಂತಿದೆ ಅದು.

ಪಿಎಸ್2ರಲ್ಲಿ ಮೊದಲು ಸೋಲುವುದು ಲೆನ್ಸು. ಅದರೊಳಗೆ ಸಿಡಿಗೆ ಒಂದು, ಡಿವಿಡಿಗೆ ಒಂದು ಅಂತ ಎರಡು ಲೇಸರ್ ಇರುತ್ತದೆ. ಒಂದು ಸತ್ತು ಇನ್ನೊಂದು ಬದುಕಿರಬಹುದು. ಬೆಳ್ಳಿ ತಳದ ಡಿವಿಡಿ ಆಟ ಚಂದಕ್ಕೆ ಓಡುತ್ತದೆ, ನೀಲಿ ತಳದ ಸಿಡಿ ಆಟ ಹಾಕಿದರೆ ಸುಮ್ಮನೆ ತಿರುಗುತ್ತಾ ಕೂರುತ್ತದೆ. ಹಾಗಾಗಿ ಪರೀಕ್ಷೆಗೆ ಬೆಳ್ಳಿಯದ್ದು ಒಂದು, ನೀಲಿಯದ್ದು ಒಂದು, ಸಿಕ್ಕಿದರೆ ಹಳೇ ಪಿಎಸ್1ರ ಕಪ್ಪು ಡಿಸ್ಕು ಒಂದು ಬೇಕು. ದೀಪ ಹತ್ತಿತು ಅಂದರೆ ಕರೆಂಟು ಒಳಗೆ ಹೋಯಿತು ಅಂತ ಮಾತ್ರ ಅರ್ಥ. ಕಿಕ್ ಹೊಡೆದು ನೋಡದೆ ಹೆಡ್‌ಲೈಟ್ ಹತ್ತಿತು ಅಂತ ಯಾರಾದರೂ ಹಳೇ ಬೈಕ್ ತೆಗೊಳ್ಳುತ್ತಾರಾ?

ಎರಡನೆಯದ್ದು ನಮ್ಮ ಊರಿನ ಹವೆ. ಆನ್‌ಲೈನ್ ರೇಟು ತೋರಿಸುವವರು ಇದನ್ನು ಹೇಳುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ, ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ. ಅಟ್ಟದಲ್ಲಿ ನಾಲ್ಕು ಮಳೆಗಾಲ ಕಳೆದ ಸೆಟ್ಟಿನ ಒಳಗೆ ಎಂತ ಆಗಿರಬಹುದು? ತಗಡಿನ ಕವಚಕ್ಕೆ ತುಕ್ಕು, ರಿಮೋಟ್ ಸಿಕ್ಕಿಸುವ ಪಿನ್ನುಗಳಿಗೆ ಹಸಿರು ಕಿಲುಬು, ಲೆನ್ಸಿನ ಮೇಲೆ ಮಸುಕು, ಫ್ಯಾನಿನಲ್ಲಿ ಧೂಳೂ ತೇವವೂ ಸೇರಿ ಗಟ್ಟಿಯಾದ ಪದರ. ಉಳ್ಳಾಲ, ಮಲ್ಪೆಯಂಥ ಕಡಲ ಬದಿಯ ಮನೆಗಳಿಂದ ಬಂದದ್ದಾದರೆ ಉಪ್ಪುಗಾಳಿಯ ಹೊಡೆತವೂ ಸೇರಿರುತ್ತದೆ. ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರ ಹಾಗೆ ಹೊಳೆಯುತ್ತದೆ. ದಪ್ಪ ಮಾಡೆಲಿನ ತಳದಲ್ಲಿ ಸ್ಕ್ರೂ ಮುಚ್ಚುವ ಚಿಕ್ಕ ಮುಚ್ಚಳಗಳು ಉಂಟು. ಅಂಗಡಿಯವರ ಎದುರೇ ಒಂದನ್ನು ಎಬ್ಬಿಸಿ ನೋಡಿ. ಸ್ಕ್ರೂ ತಲೆ ಕೆಂಪಾಗಿದ್ದರೆ ಒಳಗೂ ಅದೇ ಕತೆ.

ಒಂದು ಸೆಟ್ಟನ್ನು ಪೂರ್ತಿ ಬಿಚ್ಚಿ, ಧೂಳು ತೆಗೆದು, ಲೆನ್ಸ್ ಒರೆಸಿ, ಲೆನ್ಸ್ ಓಡಾಡುವ ಸರಳಿನ ಒಣಗಿದ ಗ್ರೀಸು ಕೆರೆದು ಹೊಸದು ಹಚ್ಚಿ, ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ, ಬಿಸಿಯಾಗುವಷ್ಟು ಹೊತ್ತು ಆಟ ಓಡಿಸಿ ನೋಡಲಿಕ್ಕೆ ನನಗೆ ಅರ್ಧ ದಿನ ಬೇಕು. ಈ ಕೆಲಸ ಆದ ಸೆಟ್ಟಿಗೆ, ಆಗದ ಸೆಟ್ಟಿಗಿಂತ 2,500 ಹೆಚ್ಚು ಕೊಟ್ಟರೂ ನಷ್ಟ ಇಲ್ಲ. ಬರೀ ದೀಪ ತೋರಿಸುವವರಿಗೆ ಆ 2,500 ಯಾಕೆ ಕೊಡಬೇಕು? ಬಿಜೈಯವರೇ, ನಿಮಗೆ ಹೇಳಿದ 9,500ರಲ್ಲಿ ಈ ಕೆಲಸದ ಒಂದು ರೂಪಾಯಿಯೂ ಇಲ್ಲ. ಅದು ಜಾಸ್ತಿಯೇ.

ಮಣಿಪಾಲದವರೇ, ನಿಮ್ಮದು ಮಾಡೆಲ್ ನಂಬರು 70000 ಸರಣಿಯ ಸ್ಲಿಮ್ಮಾ? ಆದರೆ ಡಿಸ್ಕಿನ ತಳ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅದರಲ್ಲಿ ಲೆನ್ಸಿನ ಪಟ್ಟಿ ಕೇಬಲ್ ಮೇಲಕ್ಕೆ ಉಬ್ಬಿ, ತಿರುಗುವ ಡಿಸ್ಕಿಗೆ ತಾಗುವ ತೊಂದರೆ ಇರುತ್ತದೆ.

ಮಣಿಪಾಲ ಹಾಸ್ಟೆಲ್

ಈಗ ನೋಡಿದೆ. ಎರಡು ಡಿಸ್ಕಿನಲ್ಲಿ ಉರುಟು ಗೀರು ಉಂಟು, ಒಂದೇ ಜಾಗದಲ್ಲಿ. ಸೀನಿಯರ್‌ಗೆ ಫೋನ್ ಮಾಡಿದರೆ ಅವರು ಆಗಲೇ ಕೋಲ್ಕತ್ತದಲ್ಲಿದ್ದಾರೆ, ನಾನಿದ್ದಾಗ ಸರಿ ಇತ್ತು ಅನ್ನುತ್ತಾರೆ. ಇದು ಸರಿ ಮಾಡಲಿಕ್ಕೆ ಆಗುತ್ತದಾ ಅಣ್ಣ?

ಉರ್ವದ ರಿಪೇರಿ

ಆಗುತ್ತದೆ. ಕೇಬಲನ್ನು ಕೆಳಗೆ ಒತ್ತಿ ಹಿಡಿಯುವ ಹಾಗೆ ಟೇಪು ಹಾಕಿದರೆ ಸಾಕು, ಹೊಸ ಭಾಗ ಬೇಡ. ಅಲ್ಲಿವರೆಗೆ ಒಳ್ಳೆ ಡಿಸ್ಕು ಹಾಕಬೇಡಿ.

ಉಡುಪಿ ಅಂಗಡಿ

ಎಲ್ಲರೂ ಅಂಗಡಿಯವರನ್ನೇ ಬೈಯುತ್ತಿದ್ದೀರಿ, ಹಾಗಾಗಿ ಅಂಗಡಿ ಇಟ್ಟವನಾಗಿ ಬರೆಯುತ್ತಿದ್ದೇನೆ. ಮೊಬೈಲ್ ರಿಪೇರಿ ಜೊತೆ ಹಳೇ ಗೇಮ್ ಸೆಟ್ಟುಗಳನ್ನೂ ಮಾರುತ್ತೇನೆ.

ಜನ ತಂದು ಕೊಡುವ ಸೆಟ್ಟುಗಳಲ್ಲಿ ಎಲ್ಲವೂ ಓಡುವುದಿಲ್ಲ. ಕೆಲವು ಬಿಡಿಭಾಗಕ್ಕೇ ಸರಿ. ಆ ಸತ್ತ ಸೆಟ್ಟಿಗೆ ಹಾಕಿದ ಹಣವನ್ನು ಓಡುವ ಸೆಟ್ಟಿನ ಮೇಲೆಯೇ ಎತ್ತಬೇಕು, ಬೇರೆ ದಾರಿ ಇಲ್ಲ. ಒಂದು ಪಿಎಸ್2 ತಿಂಗಳುಗಟ್ಟಲೆ ಗಾಜಿನ ಹಿಂದೆ ಕೂತಿರುತ್ತದೆ, ಆದರೆ ಬಾಡಿಗೆ ಕೂರುವುದಿಲ್ಲ. ಕದ್ದ ಮಾಲು ಬಂದರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ನಾನು ಹತ್ತಬೇಕು, ಅದಕ್ಕೆ ತಂದವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳುತ್ತೇನೆ. ಮೂರು ವಾರ ಆಟ ಆಡಿ, ರಿಮೋಟ್ ನೆಲಕ್ಕೆ ಬಡಿದು, ಆಮೇಲೆ ವಾಪಸ್ ತಗೊಳ್ಳಿ ಅಂತ ಬರುವವರೂ ಇದ್ದಾರೆ. ಸೀನಿಯರ್ ಕೋಲ್ಕತ್ತಕ್ಕೆ ಹೋದರು, ಆಯಿತು. ನಾನು ಎಲ್ಲಿಗೆ ಹೋಗಲಿ? ನಾಳೆಯೂ ಇದೇ ಅಂಗಡಿಯ ಶಟರ್ ಎತ್ತಬೇಕಲ್ಲ.

ಇನ್ನೊಂದು ವಿಷಯ, ಇದು ನಮ್ಮವರ ವಿರುದ್ಧವೇ ಆದರೂ ಹೇಳುತ್ತೇನೆ. ಕೆಲವರು "ಜಿಎಸ್‌ಟಿ ಬೀಳುತ್ತದೆ, ಅದಕ್ಕೆ ಈ ರೇಟು" ಅನ್ನುತ್ತಾರೆ. ಹಳೇ ಸಾಮಾನು ಕೊಂಡು ಮಾರುವವರಿಗೆ ಇಡೀ ಬೆಲೆಯ ಮೇಲೆ ತೆರಿಗೆ ಇಲ್ಲ. ಜಿಎಸ್‌ಟಿ ನಿಯಮ 32(5) ಪ್ರಕಾರ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ. 4,000ಕ್ಕೆ ಕೊಂಡು 6,500ಕ್ಕೆ ಮಾರಿದರೆ ಲೆಕ್ಕ 2,500ರ ಮೇಲೆ. ನಷ್ಟಕ್ಕೆ ಮಾರಿದರೆ ತೆರಿಗೆಯೇ ಇಲ್ಲ. ಹಾಗಾಗಿ ಆ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ.

ಬಿಜೈ ಹುಡುಗ

ಬಾಡಿಗೆ, ಸತ್ತ ಸೆಟ್ಟು ಎಲ್ಲ ಒಪ್ಪುತ್ತೇನೆ ಅಣ್ಣ. ನನ್ನ ಬೇಜಾರು ಬೇರೆ. ನೀವು ಹೇಳಿದ ಖರ್ಚಿನ ಲೆಕ್ಕ ಹಾಕಿ ಅವರು 9,500 ಹೇಳಿದ್ದಲ್ಲ. ಫೋನಿನಲ್ಲಿ ಕಂಡ 12,000 ನೋಡಿ ಹೇಳಿದ್ದು. ಆ 12,000ಕ್ಕೆ ಅದು ಮಾರಿ ಹೋಯಿತಾ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸುರತ್ಕಲ್ ಅಕ್ಕ

ಬಿಜೈ ತಮ್ಮ ಸರಿಯಾದ ಜಾಗಕ್ಕೆ ಕೈ ಇಟ್ಟರು. ಹಾಕಿದ ರೇಟು ಬೇರೆ, ಮಾರಿ ಹೋದ ರೇಟು ಬೇರೆ. ನಮ್ಮ ದೇಶದ ಹಳೇ ಸಾಮಾನಿನ ಸೈಟುಗಳಲ್ಲಿ ಕೊನೆಗೆ ಎಷ್ಟಕ್ಕೆ ಕೈ ಬದಲಾಯಿತು ಅಂತ ಕಾಣುವುದೇ ಇಲ್ಲ. ಅದೇ ಫೋಟೊ, ಅದೇ ಹೂವಿನ ಚಿತ್ರದ ಬೆಡ್‌ಶೀಟು, ಅದೇ 12,000, ತಿಂಗಳಾದರೂ ಅಲ್ಲೇ ಇರುತ್ತದೆ. ಹೋಗದೆ ಉಳಿದದ್ದರ ರೇಟನ್ನು ಮಾರ್ಕೆಟ್ ರೇಟು ಅನ್ನುವುದು ಹೇಗೆ? ಇಬೇ ಅನ್ನುವ ಹೊರದೇಶದ ಸೈಟಿನಲ್ಲಿ ಮಾರಿ ಹೋದವುಗಳನ್ನು ಮಾತ್ರ ಬೇರೆ ಮಾಡಿ ನೋಡಬಹುದು. ಅಲ್ಲಿ ಕೇಳುವ ಬೆಲೆಗೂ ಸಿಕ್ಕಿದ ಬೆಲೆಗೂ ಎಷ್ಟು ದೂರ ಅಂತ ಒಮ್ಮೆ ಕಂಡರೆ, ಆಮೇಲೆ ಯಾರು ಫೋನ್ ತೋರಿಸಿದರೂ ನೀವು ಹೆದರುವುದಿಲ್ಲ. ಆದರೆ ಡಾಲರ್ ಬೆಲೆಯನ್ನು ಹಾಗೇ ರೂಪಾಯಿ ಮಾಡಿ ಇಲ್ಲಿ ಕೇಳುವುದೂ ತಪ್ಪು. ಅಲ್ಲಿನವರು ಕೊಡುವುದು ಬಾಕ್ಸು, ಪುಸ್ತಕ, ಒರಿಜಿನಲ್ ಡಿಸ್ಕು ಎಲ್ಲ ಇರುವ ಸೆಟ್ಟಿಗೆ.

"ಅಪರೂಪದ್ದು" ಅನ್ನುವ ಮಾತೂ ಪಿಎಸ್2ಗೆ ಹೊಂದುವುದಿಲ್ಲ. ಪ್ರಪಂಚದಲ್ಲಿ 15 ಕೋಟಿ 50 ಲಕ್ಷಕ್ಕಿಂತ ಹೆಚ್ಚು ಮಾರಿದ ಸೆಟ್ಟು ಅದು. ಮನೆಯ ಟಿವಿಗೆ ಹಾಕುವ ಗೇಮ್ ಸೆಟ್ಟುಗಳಲ್ಲಿ ಅದರಷ್ಟು ಮಾರಿದ್ದು ಬೇರೆ ಇಲ್ಲ. ನಮ್ಮಲ್ಲಿ ನಿಜಕ್ಕೂ ಅಪರೂಪ ಅಂದರೆ ಸೆಗಾ ಮೆಗಾ ಡ್ರೈವ್. 1995ರಲ್ಲಿ ಶಾ ವಾಲೇಸ್ ಕಂಪೆನಿ ಅದನ್ನು ಭಾರತಕ್ಕೆ ತಂದಾಗ ಬೆಲೆ 18,000 ರೂಪಾಯಿ. ಆ ಕಾಲದ 18,000! ನಮ್ಮ ಕಡೆ ಯಾರ ಮನೆಗೆ ಬಂದಿರಬಹುದು ಅದು? ಅಂಥದ್ದೊಂದು ಒಳ್ಳೆ ಸ್ಥಿತಿಯಲ್ಲಿ ಸಿಕ್ಕಿ, ಅಂಗಡಿಯವರು ಕೈತುಂಬ ಕೇಳಿದರೆ ನಾನು ತಕರಾರು ಮಾಡುವುದಿಲ್ಲ. ಪಿಎಸ್2ಗೆ ಅದೇ ರಾಗ ಹಾಡಿದರೆ ಮಾಡುತ್ತೇನೆ.

ಗಲ್ಫ್‌ನಿಂದ ವಾಪಸ್

ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ನಮ್ಮ ಎರಡೂ ಜಿಲ್ಲೆಯಲ್ಲಿ ಸಿಗುವ ಹಳೇ ಸೆಟ್ಟುಗಳಲ್ಲಿ ತುಂಬ ಹೊರದೇಶದಿಂದ ಬಂದದ್ದು. ದುಬೈ, ಮಸ್ಕತ್, ದಮ್ಮಾಮಿನಿಂದ ರಜೆಗೆ ಬರುವಾಗ ಮಕ್ಕಳಿಗೆ ಅಂತ ತಂದದ್ದು, ಅಮೆರಿಕದ ನೆಂಟರು ಬಿಟ್ಟುಹೋದದ್ದು. ಹಿಂದಿನ ಸ್ಟಿಕ್ಕರ್ ಓದದೆ ಪಿನ್ ಚುಚ್ಚಬೇಡಿ. ಪಿಎಸ್2ರ ಮಾಡೆಲ್ ನಂಬರಿನ ಕೊನೆಯ ಅಂಕಿ 1 ಆಗಿದ್ದರೆ, ಉದಾಹರಣೆಗೆ 50001, ಅದು ಅಮೆರಿಕದ್ದು. ದಪ್ಪ ಮಾಡೆಲಿನಲ್ಲಿ ಪವರ್ ಸಪ್ಲೈ ಒಳಗೇ ಇರುತ್ತದೆ, ಅಮೆರಿಕದ್ದು 120 ವೋಲ್ಟಿನದ್ದು. ನಮ್ಮ 230ಕ್ಕೆ ನೇರ ಹಾಕಿದರೆ ಅಲ್ಲಿಗೆ ಮುಗಿಯಿತು. ದುಬೈಯದ್ದಕ್ಕೆ ಈ ತೊಂದರೆ ಇಲ್ಲ, ಅಲ್ಲಿಯೂ ಹತ್ತಿರ ಹತ್ತಿರ ನಮ್ಮಷ್ಟೇ ವೋಲ್ಟು. ಸೌದಿಯಲ್ಲಿ ಮೊದಲು ಮನೆಗಳಲ್ಲಿ 127 ವೋಲ್ಟು ಇದ್ದುದರಿಂದ ಅಲ್ಲಿಂದ ಬಂದ ಹಳೇ ಸಾಮಾನು ಯಾವುದಾದರೂ ನೋಡಿಯೇ ಹಾಕಬೇಕು.

ಡಿಸ್ಕಿನ ವಿಷಯವೂ ಹಾಗೇ. ಅಮೆರಿಕದ ಸೆಟ್ಟು ನಮ್ಮ ಕಡೆ ಮಾರಿದ ಪಾಲ್ (ನಮ್ಮ ಟಿವಿ ಪದ್ಧತಿಯ) ಡಿಸ್ಕು ಓದುವುದಿಲ್ಲ. ಅಂಗಡಿಯವರು ಅಂಥದ್ದನ್ನು ಮಾರುವುದಾದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಸೇರಿಸಿ ಕೊಡಬೇಕು, ಇಲ್ಲವಾದರೆ ಅದರ ಹಣ ಬೆಲೆಯಲ್ಲಿ ಇಳಿಸಬೇಕು. "ಫಾರಿನ್ ಮಾಲು" ಅಂತ ಹೆಚ್ಚು ಕೇಳುವವರಿದ್ದಾರೆ. ಇಲ್ಲಿ ಬಳಸುವವರಿಗೆ ಅದು ಕಡಿಮೆ ಬೆಲೆಯದ್ದು.

ಕಾರ್ಕಳದಿಂದ

ನನಗೊಂದು ಅಂಗಡಿಯಲ್ಲಿ ಪೆನ್‌ಡ್ರೈವ್ ತುಂಬ ಗೇಮ್ ಹಾಕಿ ಕೊಡುತ್ತೇನೆ, 2,000 ಹೆಚ್ಚು ಅಂದರು. ಡಿಸ್ಕೇ ಬೇಡವಂತೆ. ತೆಗೊಳ್ಳಬಹುದಾ?

ಉರ್ವದ ರಿಪೇರಿ

ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಿಎಸ್2ರ ಯುಎಸ್‌ಬಿ ಹಳೇ 1.1 ಕಾಲದ್ದು, ತುಂಬ ನಿಧಾನ. ಪೆನ್‌ಡ್ರೈವ್‌ನಿಂದ ಓಡಿಸಿದರೆ ನಡುವೆ ಬರುವ ವಿಡಿಯೊ ತಡವರಿಸುತ್ತದೆ, ಮಾತು ಕಡಿದು ಕಡಿದು ಬರುತ್ತದೆ. ಅಂಗಡಿಯಲ್ಲಿ ಮೆನು ತೋರಿಸಿದಾಗ ಇದು ಗೊತ್ತಾಗುವುದಿಲ್ಲ. ಇನ್ನೊಂದು, ಆ ಗೇಮುಗಳು ಅವರದ್ದಲ್ಲ. ಯಾರೋ ಮಾಡಿದ ಆಟವನ್ನು ಪುಕ್ಕಟೆ ಇಳಿಸಿಕೊಂಡು ಅದಕ್ಕೆ 2,000 ಕೇಳುವುದು ನನಗೆ ಸರಿ ಕಾಣುವುದಿಲ್ಲ. ಎಷ್ಟೋ ಕಡೆ ಲೆನ್ಸ್ ಸತ್ತ ಸೆಟ್ಟನ್ನೇ ಪೆನ್‌ಡ್ರೈವ್ ಹಾಕಿ "ವರ್ಕಿಂಗ್" ಅಂತ ಮಾರುತ್ತಾರೆ. ಡಿಸ್ಕ್ ಓದುತ್ತದಾ ಅಂತ ಕೇಳಿ. ಮಾತು ಬೇರೆ ಕಡೆ ತಿರುಗಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಗೇಮ್ ಪಾರ್ಲರಿನಿಂದ ಬಂದ ಸೆಟ್ಟಾ ಅಂತಲೂ ಕೇಳಿ. ಗಂಟೆಗಿಷ್ಟು ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಓಡಿದ ಸೆಟ್ಟಿನ ಲೆನ್ಸೂ ಫ್ಯಾನೂ ಮನೆಯಲ್ಲಿ ಓಡಿದ್ದಕ್ಕಿಂತ ಎಷ್ಟೋ ಹೆಚ್ಚು ಸವೆದಿರುತ್ತದೆ.

ಕೋಟದ ಮನೆ

ಹೋಯ್, ನೀವೆಲ್ಲ ಪಿಎಸ್2 ಅಂದ್ರೆ ಹಳೇದು ಅಂತ್ರಿ. ನಮ್ಮ ಕಾಲದ ಟಿವಿ ಗೇಮ್ ವಿಷಯ ಯಾರೂ ಹೇಳ್ಲಿಲ್ಲ ಕಾಣಿ. ಶಾಲೆಗೆ ರಜೆ ಸಿಕ್ಕಿರೆ ಒಂದು ಮನೆಯಲ್ಲಿ ಎಂಟು ಮಕ್ಕಳು ಸೇರಿ ಕಾಂಟ್ರಾ, ಮಾರಿಯೊ ಆಡಿದ್ದು. ಮೊನ್ನೆ ಒಂದು ಅಂಗಡಿಯಲ್ಲಿ ಅದನ್ನೇ ಕಂಡೆ. ಬಿಳಿ ಕೆಂಪು ಬಣ್ಣ, ಹಳದಿ ಕ್ಯಾಸೆಟ್ಟು, ಬಂದೂಕೂ ಉಂಟು. "ಒರಿಜಿನಲ್ ನಿಂಟೆಂಡೊ, 1990ರದ್ದು" ಅಂತ ಹೇಳಿ 4,500 ಕೇಳಿದ್ರು. ಮಕ್ಕಳಿಗೆ ತೋರ್ಸುವ ಆಸೆ. ಕೊಡೂದಾ ಬೇಡ್ದಾ?

ಉರ್ವದ ರಿಪೇರಿ

ಅಣ್ಣ, ದಯವಿಟ್ಟು ಕೊಡಬೇಡಿ. ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ.

ನಿಂಟೆಂಡೊ ಜಪಾನಿನಲ್ಲಿ ಫ್ಯಾಮಿಕಾಮ್ ಅಂತ 1983ರಲ್ಲಿ ತಂದದ್ದು ಬಿಳಿ ಕೆಂಪು ಬಣ್ಣದ ಸೆಟ್ಟು. ಅದರ ಕ್ಯಾಸೆಟ್ಟಿಗೆ 60 ಪಿನ್ನು. ಅಮೆರಿಕ, ಯುರೋಪಿಗೆ ಎನ್‌ಇಎಸ್ ಅಂತ ಬೂದು ಬಣ್ಣದಲ್ಲಿ ಹೋದದ್ದಕ್ಕೆ 72 ಪಿನ್ನು. ನಮ್ಮ ದೇಶಕ್ಕೆ ನಿಂಟೆಂಡೊ ಪರವಾನಗಿಯ ಸೆಟ್ಟು ಸಮುರಾಯ್ ಹೆಸರಿನಲ್ಲಿ ಬಂದಿತ್ತು, ಆದರೆ ನಮ್ಮ ನಿಮ್ಮ ಮನೆಗಳಲ್ಲಿ ಇದ್ದದ್ದು ಬಹುಪಾಲು ಫ್ಯಾಮಿಕಾಮ್ ನೋಡಿ ಮಾಡಿದ ನಕಲು ಸೆಟ್ಟುಗಳು. ಅವುಗಳನ್ನು ನಾನು ಕೀಳಾಗಿ ನೋಡುವುದಿಲ್ಲ. ಅವು ಇಲ್ಲದಿದ್ದರೆ ನಮ್ಮಂಥ ಮನೆಯ ಮಕ್ಕಳು ಮಾರಿಯೊ ಮುಖವನ್ನೇ ನೋಡುತ್ತಿರಲಿಲ್ಲ. ಆದರೆ ನಕಲನ್ನು ನಕಲು ಅಂತಲೇ ಮಾರಬೇಕು.

ಗುರುತಿಸುವುದು ಕಷ್ಟ ಇಲ್ಲ. ಒಳಗೆ ತೆರೆದು ನೋಡಿದರೆ ಒರಿಜಿನಲ್‌ನಲ್ಲಿ ಕಾಲುಗಳಿರುವ ದೊಡ್ಡ ಚಿಪ್ಪುಗಳು ಸಾಲಾಗಿ ಇರುತ್ತವೆ. ಈಚಿನ ನಕಲಿನಲ್ಲಿ ಪುಟ್ಟ ಬೋರ್ಡಿನ ಮೇಲೆ ಕಪ್ಪು ಅಂಟಿನ ಒಂದು ಉಂಡೆ, ಅಷ್ಟೇ. ಕೈಯಲ್ಲಿ ಎತ್ತಿದರೇ ಹಗುರ. ಕ್ಯಾಸೆಟ್ ಮೇಲೆ 9999999 ಆಟ ಅಂತ ಬರೆದಿದ್ದರೆ ಅದನ್ನು ನಿಂಟೆಂಡೊ ಮಾಡಿದ್ದಲ್ಲ. ಜಾತ್ರೆಯಲ್ಲಿ, ಎಕ್ಸಿಬಿಷನ್ನಿನಲ್ಲಿ ಇಂಥದ್ದೇ ಹೊಸ ಸೆಟ್ಟು 1,000ದೊಳಗೆ ಸಿಗುತ್ತದೆ. ಅದಕ್ಕೆ ಧೂಳು ಹಿಡಿಸಿ 4,500 ಕೇಳುವುದಕ್ಕೆ ರೇಟು ಜಾಸ್ತಿ ಅನ್ನುವ ಮಾತು ಸಾಲದು, ಅದು ಮೋಸ. ನಿಮ್ಮ ಬಾಲ್ಯದ ನೆನಪನ್ನು ನಿಮಗೇ ಮಾರುತ್ತಿದ್ದಾರೆ.

ಬಂದೂಕಿನ ವಿಷಯ. ಅದು ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬಾತುಕೋಳಿ ಹೊಡೆಯುವ ಆಟದಲ್ಲಿ ಬಂದೂಕಿನ ಕುದುರೆ (ಟ್ರಿಗರ್) ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಬಿಳಿ ಚೌಕವಾಗಿ ಮಿನುಗುತ್ತದೆ, ಬಂದೂಕಿನ ಕಣ್ಣು ಆ ಬೆಳಕನ್ನು ಹುಡುಕುತ್ತದೆ. ಈಗಿನ ಎಲ್‌ಇಡಿ ಟಿವಿ ಚಿತ್ರವನ್ನು ತಡ ಮಾಡಿ ತೋರಿಸುವುದರಿಂದ ಲೆಕ್ಕ ತಪ್ಪುತ್ತದೆ. ಇದನ್ನು ಹೇಳದೆ ಬಂದೂಕಿಗೆ ಹಣ ಸೇರಿಸಿ ಕೇಳುತ್ತಾರೆ.

ಕೋಟದ ಮನೆ

ಹೇಳಿದ್ದಕ್ಕೆ ಉಪಕಾರ ಆಯ್ತು ಮಾರಾಯ್ರೆ. ನಕಲೇ ಆದ್ರೂ ನಾನು ಆಡಿದ್ದು ಅದೇ, ನಂಗೆ ಅದೇ ಬೇಕು. ನಕಲು ಅಂತ ಹೇಳಿ 800 ಕೇಳಿದ್ರೆ ಖುಷಿಯಲ್ಲಿ ಕೊಡ್ತೆ. ನಿಂಟೆಂಡೊ ಅಂತ ಸುಳ್ಳು ಹೇಳೂದ್ ಎಂತಕ್ಕೆ?

ಕಾನೂನು ಓದುತ್ತಿರುವವಳು

ಕಾನೂನಿನ ಕಡೆಯಿಂದ ಸ್ವಲ್ಪ. ಹಳೇ ಸಾಮಾನಿಗೆ ಎಂಆರ್‌ಪಿ ಅನ್ನುವುದು ಅನ್ವಯಿಸುವುದಿಲ್ಲ. ಬಾಕ್ಸಿನ ಮೇಲೆ ಅಂದು ಅಚ್ಚಾದ ಬೆಲೆಗಿಂತ ಹೆಚ್ಚು ಕೇಳಿದರು ಅಂತ ದೂರು ಕೊಟ್ಟರೆ ನಿಲ್ಲುವುದಿಲ್ಲ. ಅಂಗಡಿಯವರು 20,000 ಬೇಕಾದರೂ ಕೇಳಬಹುದು, ನೀವು ಬೇಡ ಅನ್ನಬಹುದು.

ಆದರೆ ಸುಳ್ಳು ಹೇಳಿ ಮಾರಲಿಕ್ಕೆ ಬಿಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿ ಉಂಟು. ಹಳೆಯದನ್ನೋ ರಿಪೇರಿ ಮಾಡಿದ್ದನ್ನೋ ಹೊಸದು ಅಂತ ಮಾರುವುದು, ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದು ಅದರಲ್ಲಿ ಬರುತ್ತದೆ. ಬಿಲ್ ಕೊಡದಿರುವುದೂ ಬರುತ್ತದೆ. ದೋಷ ಇರುವ ಸಾಮಾನನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡದಿರುವುದೂ ಬರುತ್ತದೆ. ಕೋಟದ ಅಣ್ಣನಿಗೆ "ಒರಿಜಿನಲ್ ನಿಂಟೆಂಡೊ" ಅಂತ ಬಿಲ್ಲಿನಲ್ಲಿ ಬರೆದು ಕೊಡಿ ಅಂತ ಕೇಳಲಿಕ್ಕೆ ಹೇಳಿ. ಬರೆಯುವುದಿಲ್ಲ, ನೋಡಿ. ಸಹಾಯವಾಣಿ 1915. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ.

ಇದು ವ್ಯಾಪಾರ ಮಾಡುವವರಿಗೆ ಮಾತ್ರ. ತನ್ನ ಒಂದು ಹಳೇ ಸೆಟ್ಟು ಮಾರಿ ಊರಿಗೆ ಹೋದ ಸೀನಿಯರ್ ವ್ಯಾಪಾರಿ ಅಲ್ಲ, ಅವರ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಲಿಕ್ಕೆ ಆಗುವುದಿಲ್ಲ. ಅಂಗಡಿಯಲ್ಲಿ ಕೊಡುವ ಹೆಚ್ಚಿನ ಹಣದ ಒಂದು ಭಾಗ ಈ ಹಕ್ಕಿಗೆ. ಬಿಲ್ ಕೊಡುವುದಿಲ್ಲ ಅನ್ನುವ ಅಂಗಡಿಯವರು ಆ ಹಕ್ಕನ್ನು ಕಿತ್ತುಕೊಂಡು ಹಣ ಮಾತ್ರ ಇಟ್ಟುಕೊಳ್ಳುತ್ತಾರೆ.

ಉಡುಪಿ ಅಂಗಡಿ

ತಂಗಿ, 30 ದಿನ ಅಂದರೆ ಇಪ್ಪತ್ತು ವರ್ಷ ಹಳೇ ಸೆಟ್ಟಿಗೆ ಕಷ್ಟ ಉಂಟು. ಇವತ್ತು ಓದಿದ ಲೆನ್ಸು ನಾಳೆ ಓದದಿರಬಹುದು, ನನ್ನ ಕೈಯಲ್ಲಿಲ್ಲ. ಅದಕ್ಕೇ ಹಲವರು "ಇದ್ದ ಹಾಗೆ" ಅಂತ ಮಾರುವುದು.

ಕಾನೂನು ಓದುತ್ತಿರುವವಳು

ನಿಮ್ಮ ಕಷ್ಟ ನಿಜ ಅಣ್ಣ. ಅವಧಿ ಬಿಲ್ಲಿನಲ್ಲಿ ನೀವೇ ಬರೆಯಬಹುದು, 10 ದಿನ, 15 ದಿನ. ದೋಷ ಗೊತ್ತಿದ್ದರೆ ಅದನ್ನೂ ಬರೆಯಿರಿ: ಸಿಡಿ ಓದುವುದಿಲ್ಲ, ರಿಮೋಟ್ ಕಡ್ಡಿ ಸಡಿಲ ಅಂತ. ಮೊದಲೇ ಹೇಳಿ ಕೊಟ್ಟ ದೋಷಕ್ಕೆ ಆಮೇಲೆ ಯಾರೂ ಬಂದು ಜಗಳ ಮಾಡಲಿಕ್ಕೆ ಆಗುವುದಿಲ್ಲ. "ಇದ್ದ ಹಾಗೆ" ಅನ್ನುವುದಾದರೆ ಬೆಲೆಯೂ ಇದ್ದ ಹಾಗೆಯೇ ಇರಬೇಕಲ್ಲ. ಪರೀಕ್ಷಿಸದ ಸೆಟ್ಟಿಗೆ ಪರೀಕ್ಷಿಸಿದ್ದರ ಬೆಲೆ ಕೇಳುವುದು ಹೇಗೆ?

ಉಡುಪಿ ಅಂಗಡಿ

ಅದು ಒಪ್ಪಿದೆ. ನಾನು ಇಲ್ಲಿವರೆಗೆ ಬಾಯಲ್ಲಿ ಹೇಳುತ್ತಿದ್ದೆ, ಇನ್ನು ಬರೆದೇ ಕೊಡುತ್ತೇನೆ. ಆದರೆ ಗಿರಾಕಿಗಳೂ ಒಂದು ಮಾಡಬೇಕು. ಓಡಿಸಿ ನೋಡಲಿಕ್ಕೆ ಅರ್ಧ ಗಂಟೆ ಕೂರಿ ಅಂದರೆ ಯಾರಿಗೂ ಪುರುಸೊತ್ತಿಲ್ಲ, ಬಸ್ ತಪ್ಪುತ್ತದೆ ಅನ್ನುತ್ತಾರೆ. ಬಿಸಿ ಆದ ಮೇಲೆ ಗೊತ್ತಾಗುವ ತೊಂದರೆ ಐದು ನಿಮಿಷದಲ್ಲಿ ಗೊತ್ತಾಗುವುದಿಲ್ಲ.

ಕಾರ್ಕಳದಿಂದ

ಇನ್ನೊಂದು ಪ್ರಶ್ನೆ. ಗೇಮ್‌ಬಾಯ್ ಅಡ್ವಾನ್ಸಿನ (ಕೈಯಲ್ಲೇ ಹಿಡಿದು ಆಡುವ ನಿಂಟೆಂಡೊ ಸೆಟ್ಟು) ಪೋಕೆಮಾನ್ ಎಮರಾಲ್ಡ್ ಕ್ಯಾಸೆಟ್ಟಿಗೆ 3,500 ಕೇಳುತ್ತಿದ್ದಾರೆ. ಒಳಗಿನ ಬ್ಯಾಟರಿ ಮುಗಿದಿದೆ ಅಂತ ಶುರುವಿನಲ್ಲಿ ಬರುತ್ತದೆ. ಹಾಳಾದದ್ದಾ?

ಉರ್ವದ ರಿಪೇರಿ

ಆ ಸಂದೇಶ ಬಂದದ್ದಕ್ಕೆ ಹೆದರಬೇಡಿ. ಎಮರಾಲ್ಡ್‌ನಲ್ಲಿ ಬ್ಯಾಟರಿ ಗಡಿಯಾರಕ್ಕೆ ಮಾತ್ರ. ಆಟ ಸೇವ್ ಆಗುವುದು ಬೇರೆ ಚಿಪ್ಪಿನಲ್ಲಿ, ಅದು ಉಳಿಯುತ್ತದೆ. ಗೋಲ್ಡ್, ಸಿಲ್ವರ್‌ನಂಥ ಹಿಂದಿನ ಪೋಕೆಮಾನ್ ಆಟಗಳಲ್ಲಿ ಬ್ಯಾಟರಿ ಸತ್ತರೆ ಸೇವ್ ಕೂಡ ಹೋಗುತ್ತದೆ. ನಕಲು ಹೌದಾ ಅಲ್ಲವಾ ಅಂತ ಮಾತ್ರ ನೋಡಿಕೊಳ್ಳಿ, ಇದರದ್ದು ನಕಲು ತುಂಬ ಓಡಾಡುತ್ತಿದೆ. ಒರಿಜಿನಲ್‌ನ ಕವಚ ಹಸಿರು, ಬೆಳಕಿಗೆ ಹಿಡಿದರೆ ಒಳಗಿನದ್ದು ಕಾಣುತ್ತದೆ. ಪಿನ್ನುಗಳ ಮೇಲುಗಡೆ ಬೋರ್ಡಿನಲ್ಲಿ ನಿಂಟೆಂಡೊ ಅಂತ ಸಣ್ಣಕ್ಕೆ ಅಚ್ಚಾಗಿರುತ್ತದೆ. ಮುಂದಿನ ಲೇಬಲಿನ ಮೇಲೆ ಎರಡು ಅಂಕಿ ಒತ್ತಿದ ಗುರುತು ಇರುತ್ತದೆ, ಓರೆ ಹಿಡಿದರೆ ಕಾಣುತ್ತದೆ. ಇವೆಲ್ಲ ಇದ್ದರೆ ಬ್ಯಾಟರಿ ಬದಲಿಸುವ ಖರ್ಚು ಕಳೆದು ಚೌಕಾಸಿ ಮಾಡಿ.

ಬಿಜೈ ಹುಡುಗ

ಆಗಿದ್ದು ಹೇಳಿಬಿಡುತ್ತೇನೆ. ಹಂಪನಕಟ್ಟೆಯ ಆ ಅಂಗಡಿಗೆ ನನ್ನದೇ ಡಿಸ್ಕು ಹಿಡಿದು ಹೋದೆ, ಪಕ್ಕದ ಟಿವಿ ಅಂಗಡಿಯಲ್ಲಿ ಹಾಕಿ ನೋಡೋಣ ಅಂದೆ. ಬೇಕಾದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ ಅಂದರು. ಬಿಟ್ಟೆ. ಕಂಕನಾಡಿ ಕಡೆ ಇನ್ನೊಂದು ಅಂಗಡಿ ಸಿಕ್ಕಿತು, ಅಲ್ಲಿ ಪಿಕ್ಚರ್ ಟ್ಯೂಬಿನ ಟಿವಿಯೇ ಇಟ್ಟಿದ್ದಾರೆ. 50004 ಮಾಡೆಲ್. ನೀಲಿ ಡಿಸ್ಕು, ಬೆಳ್ಳಿ ಡಿಸ್ಕು ಎರಡೂ ಓದಿತು. ಮುಚ್ಚಳ ಎಬ್ಬಿಸಿದರೆ ಸ್ಕ್ರೂ ಬೆಳ್ಳಗೆ ಇತ್ತು, ಒಳಗೆ ತೆರೆದು ಕ್ಲೀನ್ ಮಾಡಿದ್ದೇವೆ ಅಂತ ಅವರೇ ಹೇಳಿದರು. 7,000 ಕೇಳಿದರು, 6,500ಕ್ಕೆ ಕೊಟ್ಟರು. ಬಿಲ್ಲಿನಲ್ಲಿ ಮಾಡೆಲ್ ನಂಬರು, 15 ದಿನ, ಎರಡೂ ಬರೆಸಿದೆ. ಮಣಿಪಾಲದ 3,500ಕ್ಕಿಂತ ಜಾಸ್ತಿಯೇ, ಆದರೆ ಕೊಟ್ಟ ಹಣ ಎಲ್ಲಿಗೆ ಹೋಯಿತು ಅಂತ ನನಗೆ ಗೊತ್ತುಂಟು.

ಇನ್ನು ಮಳೆಗಾಲ ಬಂತು. ಇದನ್ನು ಹೇಗೆ ಇಟ್ಟುಕೊಳ್ಳುವುದು ಉರ್ವದ ಅಣ್ಣ?

ಉರ್ವದ ರಿಪೇರಿ

ಒಳ್ಳೆ ಖರೀದಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಇಡಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಅಟ್ಟ ಬೇಡ, ಗೋಡೆಗೆ ತಾಗಿಸುವುದೂ ಬೇಡ. ಗಾಳಿ ಆಡುವ ಕಪಾಟಿನಲ್ಲಿ ತೆಳು ಹತ್ತಿ ಬಟ್ಟೆ ಮುಚ್ಚಿ ಇಡಿ, ಡಿಸ್ಕುಗಳ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಣಿಗಳ ಬಣ್ಣ ತಿರುಗಿದರೆ ಬದಲಿಸಿ. ವಾರಕ್ಕೊಮ್ಮೆಯಾದರೂ ಒಂದು ಗಂಟೆ ಆಟ ಆಡಿ, ಬಿಸಿಯಾದರೆ ಒಳಗಿನ ತೇವ ಹೋಗುತ್ತದೆ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನನ್ನೇ ಎಳೆದು ಇಡಿ, ಟಿವಿಗೆ ಕೇಬಲ್ ಲೈನ್ ಇದ್ದರೆ ಅದನ್ನೂ ಬಿಡಿಸಿ. ಮೆಮೊರಿ ಕಾರ್ಡ್ ಹೊಸದು ತೆಗೊಳ್ಳುವಾಗ 8 ಎಂಬಿಯ ಸೋನಿ ಕಾರ್ಡೇ ಹುಡುಕಿ. 128 ಎಂಬಿ ಅಂತ ಬರೆದ ಅಗ್ಗದ ಕಾರ್ಡುಗಳಲ್ಲಿ ಸೇವ್ ಕಳೆದುಕೊಂಡವರು ನನ್ನ ಹತ್ತಿರ ಬರುತ್ತಲೇ ಇದ್ದಾರೆ, ಹೋದದ್ದನ್ನು ನನ್ನಿಂದ ತರಿಸಿಕೊಡಲಿಕ್ಕೆ ಆಗುವುದಿಲ್ಲ.